ಮುನ್ಸೀಫರು ತಂದ ಬಂಗಾಳ

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಹೊಂಗೆ ಮರದಡಿ ಒಂದು ಕಲ್ಲುಬೆಂಚಿದೆ. ಬಿಸಿಲು ಇಳಿದ ಮೇಲೆ ಅಲ್ಲಿಗೆ ಹಿರಿಯ ಬಂಗಾಳಿ ತಾಯಿಯೊಬ್ಬರು ಬಂದು ಕೂರುತ್ತಾರೆ. ಮಗ ಐಟಿಪಿಎಲ್‌ನಲ್ಲಿ ಎಂಜಿನಿಯರ್. ಕೋಲ್ಕತ್ತದ ಮನೆಗೆ ಬೀಗ ಹಾಕಿ, ಮೊಮ್ಮಗನನ್ನು ನೋಡಿಕೊಳ್ಳಲೆಂದು ಬಂದವರು. ಮಕ್ಕಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ‘ಮಾಸೀಮಾ’. ಹೋದ ವರ್ಷ ದಸರೆಯ ಹೊತ್ತಿಗೆ ಅವರ ಮಡಿಲಲ್ಲಿ ದಪ್ಪ ಪುಸ್ತಕವೊಂದನ್ನು ಕಂಡು, ಏನು ಓದುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದೆ. ‘ಉಪೊನ್ನಾಶ್’ ಎಂದರು. ಯಾರು ಮಾಡಿದ ಉಪನ್ಯಾಸ ಎಂದೆ. ‘ಬೊಂಕಿಮ್ ಬಾಬುದು’ ಎಂದರು. ಆಗ ಹೊಳೆಯಿತು, ಬಂಗಾಳಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿ.

ಈ ಎರಡು ಪದಗಳ ನಡುವೆ ಒಂದು ಚರಿತ್ರೆಯೇ ಇದೆ. ‘ಕಾದಂಬರಿ’ ಎಂಬ ಹೆಸರನ್ನು ನಾವು ಏಳನೆಯ ಶತಮಾನದ ಬಾಣಭಟ್ಟನ ಗದ್ಯಕೃತಿಯಿಂದ ಪಡೆದೆವು. ಮರಾಠಿಯವರೂ ಅದನ್ನೇ ಮಾಡಿದರು. ಆದರೆ ಹಳೆಯ ಮೈಸೂರಿನ ಮನೆಗಳಲ್ಲಿ ದೀಪದ ಬುಡದಲ್ಲಿ ಕೂತು ಕಾದಂಬರಿ ಓದುವ ಅಭ್ಯಾಸ ಹತ್ತಿಸಿದ ಪುಸ್ತಕಗಳು ಬಾಣನಿಂದ ಬಂದವಲ್ಲ, ಗಂಗೆಯ ದಡದಿಂದ ಬಂದವು. ತಂದವರು ಮೈಸೂರು ಸಂಸ್ಥಾನದ ಒಬ್ಬ ಮುನ್ಸೀಫರು, ಬಿ. ವೆಂಕಟಾಚಾರ್ಯರು. ಹೆಸರಿನ ಮುಂದಿನ ‘ಬಿ’ ಎಂದರೆ ಬಿಂಡಿಗನವಿಲೆ, ನಾಗಮಂಗಲ ಸೀಮೆಯ ಊರು. ಹುಟ್ಟಿದ್ದು 1845ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಅವರು ಕಣ್ಣು ಮುಚ್ಚಿದ ಮರುವರ್ಷ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಕನ್ನಡಕ್ಕೆ ಓದುಗರನ್ನು ದೊರಕಿಸಿಕೊಟ್ಟ ಈ ಮನುಷ್ಯ ಆ ಸಂಭ್ರಮವನ್ನು ನೋಡಲಿಲ್ಲ.

ಅವರು ಬರೆಯಲು ಶುರು ಮಾಡಿದಾಗ ಕನ್ನಡ ಗದ್ಯದ ಸ್ಥಿತಿ ಹೇಗಿತ್ತು ಎಂಬುದನ್ನು ಮೊದಲು ನೆನೆಯಬೇಕು. 1823ರಲ್ಲಿ ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದಿದ್ದ. ಅದು ವಿಶಾಖದತ್ತನ ನಾಟಕದ ಕಥೆಯನ್ನು ಗದ್ಯಕ್ಕೆ ತಂದ ಕೃತಿ. ಅದನ್ನೇ ಮೊದಲ ಕಾದಂಬರಿ ಎನ್ನಬೇಕೆ, 1899ರ ‘ಇಂದಿರಾಬಾಯಿ’ಯನ್ನು ಹಾಗೆ ಕರೆಯಬೇಕೆ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆ ವಾದ ಏನೇ ಇರಲಿ, ಮುದ್ರಾಮಂಜೂಷದ ನಂತರ ಅರ್ಧ ಶತಮಾನದವರೆಗೆ ಆ ದಾರಿಯಲ್ಲಿ ನಡೆದವರು ಹೆಚ್ಚಿಲ್ಲ. ಶಾಲೆಯ ಪಾಠಪುಸ್ತಕಗಳಿದ್ದವು, ಮಿಷನ್ ಮುದ್ರಣಾಲಯದ ಪುಸ್ತಕಗಳಿದ್ದವು, ಪುರಾಣಗಳಿದ್ದವು. ಸಂಸ್ಥಾನದ ಕಚೇರಿಗಳಲ್ಲಿ ಕೆಲಸ ಮಾಡುವ, ಇಂಗ್ಲಿಷ್ ಬಲ್ಲ ಹೊಸ ತಲೆಮಾರು ಕಥೆ ಬೇಕೆನಿಸಿದಾಗ ಸ್ಕಾಟ್‌ನನ್ನೋ ರೆನಾಲ್ಡ್ಸ್‌ನನ್ನೋ ಹಿಡಿಯುತ್ತಿತ್ತು. ಅವರ ಮನೆಯ ಹೆಂಗಸರ ಕೈಗೆ ಎಟುಕುವಂಥದ್ದು ಏನೂ ಇರಲಿಲ್ಲ.

ವೆಂಕಟಾಚಾರ್ಯರು ಬಂಗಾಳಿ ಕಲಿತರು. ನೂರಾರು ಹರದಾರಿ ಆಚೆಯ ಆ ಭಾಷೆಯನ್ನು ಮೈಸೂರಿನ ಸರ್ಕಾರಿ ನೌಕರನೊಬ್ಬ ಕಲಿಯಬೇಕಾದ ಅನಿವಾರ್ಯ ಯಾವುದೂ ಇರಲಿಲ್ಲ. ಅದು ಶುದ್ಧ ಹಂಬಲದ ಫಲ. 1876ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ‘ಭ್ರಾಂತಿವಿಲಾಸ’ವನ್ನು ಕನ್ನಡಕ್ಕೆ ತಂದರು. ಶೇಕ್ಸ್‌ಪಿಯರನ ಅವಳಿಜವಳಿಗಳ ಹಾಸ್ಯನಾಟಕವನ್ನು ವಿದ್ಯಾಸಾಗರರು ಬಂಗಾಳಿ ಗದ್ಯಕಥೆಯಾಗಿಸಿದ್ದರು. ಲಂಡನ್ನಿನ ರಂಗಮಂದಿರದ ಕಥೆ ಕಲ್ಕತ್ತೆಯ ದಾರಿ ಸುತ್ತಿ ಮೈಸೂರು ಸೀಮೆಗೆ ಬಂತು.

ನಿಜವಾದ ತಿರುವು ಬಂದದ್ದು 1885ರಲ್ಲಿ. ಆ ವರ್ಷ ‘ದುರ್ಗೇಶನಂದಿನಿ’ ಕನ್ನಡದಲ್ಲಿ ಹೊರಬಂತು.

ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಅದನ್ನು ಬಂಗಾಳಿಯಲ್ಲಿ ಪ್ರಕಟಿಸಿದ್ದು 1865ರಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ. 1838ರಲ್ಲಿ ಹುಟ್ಟಿದ ಅವರು ಕಲ್ಕತ್ತ ವಿಶ್ವವಿದ್ಯಾಲಯದ ಮೊಟ್ಟಮೊದಲ ಇಬ್ಬರು ಪದವೀಧರರಲ್ಲಿ ಒಬ್ಬರು. ಹೊಟ್ಟೆಪಾಡಿಗೆ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಬಂಗಾಳದ ಮ್ಯಾಜಿಸ್ಟ್ರೇಟರ ಕಾದಂಬರಿಯನ್ನು ಮೈಸೂರಿನ ಮುನ್ಸೀಫರು ಅನುವಾದಿಸಿದರು ಎಂಬುದು ನನಗೆ ಬರಿಯ ಆಕಸ್ಮಿಕವಾಗಿ ಕಾಣುವುದಿಲ್ಲ. ಹಗಲೆಲ್ಲ ಜನರ ಆಸ್ತಿ, ಜಗಳ, ಸಾಕ್ಷಿ, ಸುಳ್ಳುಗಳನ್ನು ಬರೆದುಕೊಳ್ಳುವ ಕೈಗಳು ಅವು. ಕಾದಂಬರಿಗೆ ಬೇಕಾದ ಲೋಕಜ್ಞಾನ ಅಂಥ ಮೇಜುಗಳ ಮೇಲೆಯೇ ದೊರೆಯುತ್ತಿತ್ತು. ಪರರ ಆಳ್ವಿಕೆಯಡಿ ಕೆಲಸ ಮಾಡುವವನ ಸಂಕಟವೂ ಅಲ್ಲಿಯೇ ಇತ್ತು.

ಕಥೆ ಶುರುವಾಗುವುದು ಒಂಟಿ ಸವಾರನಿಂದ. ಹದಿನಾರನೆಯ ಶತಮಾನದ ಕೊನೆ, ಬೇಸಿಗೆಯ ಮುಗಿಲು. ಮಾಂದಾರಣದ ಹಾದಿಯಲ್ಲಿ ಬಿರುಗಾಳಿಗೆ ಸಿಕ್ಕ ಜಗತ್‌ಸಿಂಹ ಒಂದು ಶಿವಾಲಯದೊಳಗೆ ನುಗ್ಗುತ್ತಾನೆ. ಅಲ್ಲಿ ತಿಲೋತ್ತಮೆ ಕಾಣುತ್ತಾಳೆ. ಮುಂದೆ ಮೊಗಲರ ಕಡೆಯ ಈ ರಾಜಪುತ್ರ ಪಠಾಣರ ಸೆರೆಯಾಗುತ್ತಾನೆ. ಗಾಯಗೊಂಡ ಅವನನ್ನು ಹಗಲಿರುಳು ಆರೈಕೆ ಮಾಡುವವಳು ಶತ್ರುವಾದ ಕತಲೂಖಾನನ ಮಗಳು ಆಯೇಷಾ. ಅವನನ್ನು ಒಲಿದಳು, ಆ ಒಲವನ್ನು, ತನ್ನನ್ನು ವರಿಸಲು ಕಾದಿದ್ದ ಉಸ್ಮಾನನ ಎದುರಿಗೇ ಒಪ್ಪಿಕೊಂಡಳು, ಕೊನೆಗೆ ತಿಲೋತ್ತಮೆಯ ಮದುವೆಗೆ ತನ್ನ ಒಡವೆಗಳನ್ನು ಕೊಟ್ಟಳು. ಈ ಕೃತಿಗೆ ಸ್ಕಾಟ್‌ನ ‘ಐವನ್‌ಹೋ’ ಮೂಲವೆಂದು ಹಲವರು ಹೇಳಿದರು. ಅದನ್ನು ಓದುವ ಮೊದಲೇ ಬರೆದೆನೆಂದು ಬಂಕಿಮರು ಹೇಳಿಕೊಂಡರು. ಕನ್ನಡದ ಓದುಗರಿಗೆ ಆ ಚರ್ಚೆ ಮುಖ್ಯವಾಗಿರಲಿಲ್ಲ. ಅವರಿಗೆ ಮೊದಲ ಸಲ ಒಂದು ಪುಸ್ತಕ, ಮುಂದಿನ ಪುಟದಲ್ಲಿ ಏನಾಗುತ್ತದೋ ಎಂದು ಉಸಿರು ಬಿಗಿಹಿಡಿಸಿತು.

ನಮ್ಮ ಮನೆಯಲ್ಲಿ ಆ ಪುಸ್ತಕದ ಒಂದು ಪ್ರತಿ ಇದೆ. ಅಜ್ಜಿಯ ತಾಯಿಯದು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟದ್ದು. ರಟ್ಟು ಕಿತ್ತು ಹೋಗಿದೆ, ಮೊದಲ ಹಾಳೆಯಿಲ್ಲ, ಕೊನೆಯ ಕೆಲವು ಹಾಳೆಗಳೂ ಇಲ್ಲ. ಉಳಿದ ಪುಟಗಳ ಅಂಚು ಬೆರಳು ತಾಗಿ ತಾಗಿ ಕಂದುಬಣ್ಣಕ್ಕೆ ತಿರುಗಿದೆ. ಕೆಲವೆಡೆ ಎಣ್ಣೆಯ ಕಲೆ; ಅಡುಗೆಮನೆಯಲ್ಲೂ ಓದಿದ್ದಾರೆ. ಆಕೆ ಹದಿನೈದು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಬದುಕು ಸವೆಸಿದರು. ಒಂದೇ ಒಂದು ಹೆಣ್ಣುಮಗು, ನಮ್ಮಜ್ಜಿ. ಆ ಭಾಷೆ ಇಂದು ನನಗೂ ಕಷ್ಟ. ಉದ್ದುದ್ದ ಸಮಾಸಗಳು, ಸಾಲು ಸಾಲು ಸಂಸ್ಕೃತ ವಿಶೇಷಣಗಳು. ಶಾಲೆಗೆ ಹೋಗದ ಹೆಂಗಸು ಅದನ್ನು ಹೇಗೆ ಬಿಡಿಸಿ ಓದಿದರೋ ಎಂದು ಆ ಎಣ್ಣೆಕಲೆಗಳನ್ನು ನೋಡಿದಾಗಲೆಲ್ಲ ಅನಿಸುತ್ತದೆ.

ವೆಂಕಟಾಚಾರ್ಯರ ಮೇಲೆ ವಿಮರ್ಶಕರು ಹೊರಿಸಿದ ಆಕ್ಷೇಪವೂ ಇದೇ. ಕನ್ನಡ ತೀರ ಸಂಸ್ಕೃತಮಯ, ಬಂಗಾಳಿಯ ಪದಗಳು ಹಾಗೆಯೇ ಇಳಿದಿವೆ ಎಂದು. ಮಾತು ಸುಳ್ಳಲ್ಲ. ದುರ್ಗೇಶನಂದಿನಿ, ವಿಷವೃಕ್ಷ, ಆನಂದಮಠ ಎಂಬ ಹೆಸರುಗಳನ್ನು ಅನುವಾದಿಸುವ ಅಗತ್ಯವೇ ಬರಲಿಲ್ಲ. ಅವು ಎರಡೂ ಭಾಷೆಗೆ ಸಂಸ್ಕೃತದಿಂದ ಬಂದ ಪಿತ್ರಾರ್ಜಿತ. ಆದರೆ ಆ ಹಾದಿ ಇದ್ದುದರಿಂದಲೇ ಒಬ್ಬನೇ ಮನುಷ್ಯ ಅಷ್ಟೊಂದು ಪುಸ್ತಕಗಳನ್ನು ದಾಟಿಸಿದ. ವಿಷವೃಕ್ಷ, ದೇವಿ ಚೌಧುರಾಣಿ, ಆನಂದಮಠ, ಕೃಷ್ಣಕಾಂತನ ಉಯಿಲು ಒಂದರ ಹಿಂದೊಂದು ಬಂದವು. ಎಷ್ಟೋ ಮಂದಿ ಅವನ್ನು ಓದಲಿಕ್ಕೆಂದೇ ಕನ್ನಡದ ಓದು ರೂಢಿಸಿಕೊಂಡರು. ಸರಳಗನ್ನಡ ಬರೆದವರು ನಂತರ ಬಂದರು, ಅವರಿಗೆ ಓದುಗರು ಸಿದ್ಧರಾಗಿದ್ದರು.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಸಾಹಿತ್ಯ ಚರಿತ್ರೆಗಳು ಸಾಕಷ್ಟು ಎತ್ತಿ ಹೇಳಿಲ್ಲವೆಂದು ನನ್ನ ಭಾವನೆ. ವೆಂಕಟಾಚಾರ್ಯರು ಅನುವಾದಿಸಿದ ಇಬ್ಬರು ಬಂಗಾಳಿಗಳು ಒಂದೇ ದಾರಿಯವರಲ್ಲ. ವಿದ್ಯಾಸಾಗರರು ವಿಧವೆಯರ ಮರುವಿವಾಹಕ್ಕಾಗಿ ಶಾಸ್ತ್ರಗಳನ್ನು ಜಾಲಾಡಿ, 1856ರ ಕಾಯ್ದೆಗೆ ಕಾರಣರಾದವರು. ಬಂಕಿಮರು 1873ರ ‘ವಿಷವೃಕ್ಷ’ದಲ್ಲಿ ವಿಧವೆ ಕುಂದನಂದಿನಿಯನ್ನು ಮರುಮದುವೆಯಾಗಿಸಿ, ಮನೆಯೊಂದನ್ನು ಒಡೆಸಿ, ಕೊನೆಗೆ ಅವಳಿಗೆ ವಿಷ ಕುಡಿಸಿದರು. ಅದರಲ್ಲಿ ಆ ಮನೆಯ ಮೊದಲ ಹೆಂಡತಿ ಸೂರ್ಯಮುಖಿ ಬರೆಯುವ ಪತ್ರವೊಂದು ವಿದ್ಯಾಸಾಗರರ ಪಾಂಡಿತ್ಯವನ್ನೇ ಹಂಗಿಸುತ್ತದೆ. ‘ಕೃಷ್ಣಕಾಂತನ ಉಯಿಲು’ ಕೃತಿಯ ವಿಧವೆ ರೋಹಿಣಿ ಗುಂಡೇಟಿಗೆ ಸಾಯುತ್ತಾಳೆ. ಬಂಕಿಮರು ಈ ಹೆಂಗಸರ ಆಸೆಯನ್ನು ಅಷ್ಟು ಜೀವಂತವಾಗಿ ಬರೆದು, ಬದುಕುವ ಹಕ್ಕನ್ನು ಮಾತ್ರ ಕೊಡಲಿಲ್ಲ.

ಕನ್ನಡದ ಉತ್ತರ ಮಂಗಳೂರಿನಿಂದ ಬಂತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ವಿಧವೆ ಇಂದಿರಾ ಮನೆಬಿಟ್ಟು ಹೋಗುತ್ತಾಳೆ, ಓದುತ್ತಾಳೆ, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ, ಸಾಯುವುದಿಲ್ಲ. ಗುಲ್ವಾಡಿಯವರು ಬಂಕಿಮರಿಗೆ ಎದುರಾಗಿ ಬರೆದರೆಂದು ನಾನು ಹೇಳುತ್ತಿಲ್ಲ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ, ಬಂಗಾಳದ ಪ್ರಭಾವದ ನಡುವೆಯೂ ಕನ್ನಡ ಕಾದಂಬರಿ ತನ್ನ ತಲೆಯಿಂದಲೇ ಯೋಚಿಸುತ್ತಿತ್ತೆಂಬುದು ಕಾಣುತ್ತದೆ. 1913ರಲ್ಲಿ ನಂಜನಗೂಡಿನ ಬಾಲವಿಧವೆ ತಿರುಮಲಾಂಬ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಕಥೆಯೊಳಗೆ ವಿಷ ಕುಡಿಯಬೇಕಿದ್ದ ಹೆಂಗಸು ಈಗ ಲೇಖನಿ ಹಿಡಿದಿದ್ದಳು.

ಇನ್ನು ‘ಆನಂದಮಠ’. ಬಂಕಿಮರು ತಮ್ಮದೇ ‘ಬಂಗದರ್ಶನ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದು, 1882ರಲ್ಲಿ ಪುಸ್ತಕ ಮಾಡಿದರು. ಹಿನ್ನೆಲೆ 1770ರ ಬಂಗಾಳದ ಭೀಕರ ಬರಗಾಲ ಮತ್ತು ಅದರ ಸುತ್ತಲಿನ ಸನ್ಯಾಸಿಗಳ ದಂಗೆ. ಕಾಡಿನ ಮಠದಲ್ಲಿ ಸತ್ಯಾನಂದ, ಹಸಿವಿನಿಂದ ಊರುಬಿಟ್ಟು ಬಂದ ಮಹೇಂದ್ರನಿಗೆ ತಾಯಿಯ ಮೂರು ಮೂರ್ತಿಗಳನ್ನು ತೋರಿಸುತ್ತಾನೆ: ಒಂದು ಕೋಣೆಯಲ್ಲಿ ಹಿಂದೆ ಇದ್ದ ವೈಭವದ ತಾಯಿ, ಕತ್ತಲ ಸುರಂಗದಲ್ಲಿ ಈಗಿನ ಬೆತ್ತಲೆ ಕಾಳಿ, ಬೆಳಕಿನ ಗುಡಿಯಲ್ಲಿ ಮುಂದೆ ಆಗಲಿರುವ ದುರ್ಗೆ. ಈ ಮೂರು ಹೆಜ್ಜೆಯಲ್ಲಿ ಬಂಕಿಮರು ಭೂಪಟವನ್ನು ದೇವತೆಯಾಗಿಸಿದರು. ‘ವಂದೇ ಮಾತರಂ’ ಗೀತೆ ಅದಕ್ಕೂ ಮುಂಚೆಯೇ ಬರೆದದ್ದು. ಕಾದಂಬರಿಯೊಳಗೆ ಅದಕ್ಕೆ ಪ್ರಾಣ ಬಂತು. ಮೂಲದಲ್ಲಿ ಆ ತಾಯಿಗೆ ಏಳು ಕೋಟಿ ಮಕ್ಕಳು, ಅಂದರೆ ಅಂದಿನ ಬಂಗಾಳ ಪ್ರಾಂತದ ಜನಸಂಖ್ಯೆ. ದೇಶವೆಲ್ಲ ಹಾಡತೊಡಗಿದ ಮೇಲೆ ಮೂವತ್ತು ಕೋಟಿಯಾಯಿತು. 1896ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ರವೀಂದ್ರನಾಥರು ಅದನ್ನು ಹಾಡಿದರು.

ಈ ಕಾದಂಬರಿಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಮುಸಲ್ಮಾನರನ್ನು ಶತ್ರುಗಳಾಗಿ ಚಿತ್ರಿಸಿದ್ದು ಅನ್ಯಾಯವೆಂಬ ದೂರು ಒಂದೆಡೆ, ಸರ್ಕಾರಿ ನೌಕರನಾದ ಲೇಖಕ ಆಂಗ್ಲರ ಮೇಲಿನ ಸಿಟ್ಟನ್ನು ಬೇರೆಡೆ ತಿರುಗಿಸಬೇಕಾಯಿತೆಂಬ ಸಮರ್ಥನೆ ಇನ್ನೊಂದೆಡೆ. ಕೊನೆಯಲ್ಲಿ ಮಹಾಪುರುಷನೊಬ್ಬ ಬಂದು ಸದ್ಯಕ್ಕೆ ಆಂಗ್ಲರ ಆಳ್ವಿಕೆ ಇರಲಿ ಎನ್ನುವುದಂತೂ ಎಲ್ಲರಿಗೂ ತೊಡಕು. 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿ, ರವೀಂದ್ರನಾಥರ ಅಭಿಪ್ರಾಯವನ್ನೂ ಪಡೆದು, ಗೀತೆಯ ಮೊದಲೆರಡು ಚರಣಗಳನ್ನಷ್ಟೇ ಸಭೆಗಳಲ್ಲಿ ಹಾಡಬೇಕೆಂದು ತೀರ್ಮಾನಿಸಿತು. ನನ್ನ ಮಾತು ಹೇಳುವುದಾದರೆ, ಆ ದೂರಿನಲ್ಲಿ ಹುರುಳಿದೆ. ಆದರೆ ಕನ್ನಡದ ಓದುಗರು ಆನಂದಮಠಕ್ಕೆ ಮೊದಲು ಆಯೇಷಾಳನ್ನು ಕಂಡಿದ್ದರು ಎಂಬುದನ್ನೂ ಮರೆಯಬಾರದು. ಬಂಕಿಮರಲ್ಲಿ ಇಬ್ಬರಿದ್ದರು, ಕಥೆಗಾರ ಬರೆದಾಗ ಶತ್ರುವಿನ ಮಗಳೇ ಕಾದಂಬರಿಯ ಅತ್ಯಂತ ದೊಡ್ಡ ಮನಸ್ಸಿನವಳಾದಳು.

1905ರ ಅಕ್ಟೋಬರ್ 16ರಂದು ಕರ್ಜನ್ನನ ಸರ್ಕಾರ ಬಂಗಾಳವನ್ನು ಎರಡಾಗಿ ಒಡೆಯಿತು. ಕಾದಂಬರಿಯೊಳಗಿನ ಗೀತೆ ಬೀದಿಗೆ ಬಂತು. ಅದರ ಬಿಸಿ ಧಾರವಾಡಕ್ಕೂ ತಟ್ಟಿತು. ಅಲ್ಲಿ ಇಪ್ಪತ್ತೈದರ ಯುವಕ ಆಲೂರು ವೆಂಕಟರಾಯರು ಸ್ವದೇಶಿ ಚಳವಳಿಗೆ ಧುಮುಕಿದರು. ಬಂಗಾಳವನ್ನು ಎರಡು ಮಾಡಿದ್ದಕ್ಕೆ ಬಂಗಾಳಿಗಳು ಇಷ್ಟು ಕನಲುತ್ತಿದ್ದರೆ, ಐದು ಆಡಳಿತಗಳ ನಡುವೆ ಚದುರಿಹೋದ ಕನ್ನಡಿಗರು ಏಕೆ ಸುಮ್ಮನಿದ್ದಾರೆ? ಮೈಸೂರು ಒಂದು ಕಡೆ, ಮುಂಬೈ ಪ್ರಾಂತ ಒಂದು ಕಡೆ, ನಿಜಾಮನ ಸೀಮೆ, ಮದರಾಸು, ಕೊಡಗು. ಬಂಗಾಳಿಗಳಿಗೆ ಒಡೆದ ತಾಯಿ ಇದ್ದಳು. ನಮಗೆ ಒಟ್ಟಿಗೆ ಇದ್ದ ನೆನಪೇ ಮಾಸಿತ್ತು. ಆನೆಗೊಂದಿ, ಹಂಪೆಯ ಪಾಳುಗಳ ನಡುವೆ ನಿಂತಾಗ ಆಲೂರರಿಗೆ ಆ ನೆನಪು ಮರಳಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ಆ ಹೆಸರನ್ನು ಓದಿದಾಗಲೆಲ್ಲ ನನಗೆ ಸತ್ಯಾನಂದನ ಮೊದಲ ಕೋಣೆಯ ಮೂರ್ತಿ ನೆನಪಾಗುತ್ತದೆ.

ಕಥೆಯ ದಾರಿಯಲ್ಲಿ ಈ ಕೆಲಸವನ್ನು ಮಾಡಿದವರು ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿ. ಅವರ ಗುರುಪೀಠ ಬಂಗಾಳವಲ್ಲ, ಮರಾಠಿಯ ಹರಿ ನಾರಾಯಣ ಆಪಟೆ. ವಿಜಯನಗರದ ಪತನದ ಕಥೆಯನ್ನು ಆಪಟೆಯವರಿಂದ ‘ಕನ್ನಡಿಗರ ಕರ್ಮಕಥೆ’ಯಾಗಿ ತಂದರು, ಅದರ ಸ್ಥಾಪನೆಯನ್ನು 1923ರ ‘ಮಾಧವ ಕರುಣಾವಿಲಾಸ’ದಲ್ಲಿ ತಾವೇ ಬರೆದರು. ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ದಕ್ಷಿಣಕ್ಕೆ ಬಂಗಾಳದಿಂದ, ಉತ್ತರಕ್ಕೆ ಪುಣೆಯಿಂದ, ಹೀಗೆ ಎರಡು ಹೊಳೆ ಕನ್ನಡದ ಓದಿನಲ್ಲಿ ಕೂಡಿದವು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆ ಮೊಳಗಿದಾಗ ಭಾರತಮಾತೆಯ ವೇದಿಕೆಯ ಮೇಲೆಯೇ ಕನ್ನಡತಾಯಿ ನಿಂತಳು. 1956ರ ನವೆಂಬರ್ 1ಕ್ಕೆ ನಾಡು ಒಂದಾದಾಗ ಆಲೂರರು ಬದುಕಿದ್ದರು. ಬಂಗಾಳದ ಕಥೆ ಬೇರೆಯಾಯಿತು: 1911ರಲ್ಲಿ ರದ್ದಾದ ವಿಭಜನೆ 1947ರಲ್ಲಿ ಮತ್ತೆ ಬಂತು, ಈ ಸಲ ನಡುವೆ ಗಡಿಯೇ ಎದ್ದಿತು.

ಆ ಹೊತ್ತಿಗೆ ಕನ್ನಡಕ್ಕೆ ಬಂಗಾಳ ಎಂದರೆ ಬಂಕಿಮರಷ್ಟೇ ಆಗಿರಲಿಲ್ಲ. 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಬಂಗಾಳದ ಬ್ರಜೇಂದ್ರನಾಥ ಶೀಲ. 1928ರಲ್ಲಿ ರವೀಂದ್ರನಾಥರು ಬೆಂಗಳೂರಿನಲ್ಲಿ ಅವರ ಅತಿಥಿಯಾಗಿ ತಂಗಿದ್ದಾಗಲೇ ‘ಶೇಷೇರ ಕವಿತಾ’ ಕಾದಂಬರಿಯನ್ನು ಮುಗಿಸಿದರು. ಆಮೇಲೆ ಕಾದಂಬರಿಕಾರ ಶರಚ್ಚಂದ್ರರ ಸರದಿ. ಅಹೋಬಲ ಶಂಕರ ಮೊದಲಾದವರ ಅನುವಾದಗಳಲ್ಲಿ ಅವರು ಕನ್ನಡಿಗರ ಮನೆಯವರೇ ಆಗಿಬಿಟ್ಟರು. ದೇವದಾಸ ಬಂಗಾಳಿಯವನೆಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಕಾರಂತರ ಚೋಮ, ಕುವೆಂಪು ಅವರ ಕಾನೂರು ಬಂದಿದ್ದರಿಂದ ಕನ್ನಡ ಕಾದಂಬರಿಗೆ ಎರವಲಿನ ಅಗತ್ಯ ಉಳಿದಿರಲಿಲ್ಲ. ಓದುಗರು ಪ್ರೀತಿಯಿಂದಲೇ ಓದುತ್ತಿದ್ದರು.

ಈಗ ಬಂಗಾಳ ತಾನೇ ಇಲ್ಲಿಗೆ ಬಂದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತ ದುರ್ಗಾಪೂಜೆಯ ಪೆಂಡಾಲುಗಳು ಏಳುತ್ತವೆ, ಢಾಕ್ ಮೊಳಗುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ, ಕಟ್ಟಡಗಳ ಸಾರುವೆಯ ಮೇಲೆ, ಅಪಾರ್ಟ್‌ಮೆಂಟುಗಳ ಕಸದ ಗಾಡಿಯ ಹಿಂದೆ ಬಂಗಾಳಿ ಮಾತು ಕೇಳಿಸುತ್ತದೆ. 2020ರ ಜನವರಿಯಲ್ಲಿ ಮಾರತಹಳ್ಳಿಯ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರ ಗುಡಿಸಲುಗಳೆಂದು ಹೇಳಿ ನೂರಾರು ಗುಡಿಸಲುಗಳನ್ನು ಕೆಡವಿದರು. ಅಲ್ಲಿ ತ್ರಿಪುರಾ, ಅಸ್ಸಾಮಿನಿಂದ ಬಂದ ಕೂಲಿಗಳಿದ್ದರು. ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು. ಆ ಕ್ರಮವನ್ನು ಹೈಕೋರ್ಟ್ ಪ್ರಶ್ನಿಸಿತು. ‘ವಂದೇ ಮಾತರಂ’ ಕೊಟ್ಟ ಪ್ರಾಂತದ ಮಾತನಾಡುವವನು ಈ ದೇಶದವನೇ ಎಂದು ಕಾಗದ ತೋರಿಸಿ ರುಜುವಾತು ಮಾಡಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಆ ದಸರೆಯ ಮರುದಿನ ಪಂಚೆಯ ಗಂಟನ್ನು ಬಿಚ್ಚಿ ಕಲ್ಲುಬೆಂಚಿನ ಬಳಿಗೆ ಒಯ್ದೆ. ಮಾಸೀಮಾಗೆ ನಮ್ಮ ಲಿಪಿ ಬಾರದು. ಬೆರಳಿಟ್ಟು ಒಂದೊಂದೇ ಹೆಸರನ್ನು ಓದಿ ಹೇಳಿದೆ. ತಿಲೋತ್ತಮಾ, ಬಿಮಲಾ, ಜಗತ್‌ಸಿಂಹ. ಪ್ರತಿ ಹೆಸರಿಗೂ ತಲೆಯಾಡಿಸಿದರು. ಆಯೇಷಾ ಎಂದಾಗ ಪುಸ್ತಕವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಕೊನೆಯ ಹಾಳೆಗಳಿಲ್ಲ ಎಂದೆ. ಕೊನೆಗೆ ಆಯೇಷಾ ಉಂಗುರದೊಳಗಿನ ವಿಷ ಕುಡಿದು ಸತ್ತಳೆಂದು ಅಜ್ಜಿಯ ತಾಯಿ ಮಕ್ಕಳಿಗೆ ಕಥೆ ಹೇಳುತ್ತಿದ್ದರಂತೆ ಎಂದೆ.

‘ಇಲ್ಲ ಇಲ್ಲ’ ಎಂದರು ಮಾಸೀಮಾ. ‘ಅದು ಕುಂದ. ಆಯೇಷಾ ಕುಡಿಯುವುದಿಲ್ಲ. ಕಿಟಕಿಯ ಹತ್ತಿರ ಕೂತು ತುಂಬ ಹೊತ್ತು ಯೋಚಿಸುತ್ತಾಳೆ. ಆಮೇಲೆ ಉಂಗುರವನ್ನು ಬೆರಳಿನಿಂದ ತೆಗೆದು ಕೋಟೆಯ ಕಂದಕದ ನೀರಿಗೆ ಎಸೆದುಬಿಡುತ್ತಾಳೆ.’